ಗಿಲ್ ಕೊಲಿಸಿಯಂ ಸೀಸನ್ ಟಿಕೆಟ್: ಕಾನ್ಫರೆನ್ಸ್ ಒಡೆದ ಮೇಲೂ ಕೊಳ್ಳಬಹುದೇ?

ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್, ಹಿಲ್ಸ್‌ಬರೋ ಕಡೆಯ ಕನ್ನಡದ ಗೆಳತಿಯರು ಬೇಸಿಗೆ ಬಂತೆಂದರೆ ನನಗೆ ಕೇಳುವ ಪ್ರಶ್ನೆ ಒಂದೇ. ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಸೀಸನ್ ಟಿಕೆಟ್ ಈಗಲೂ ತಗೊಳ್ಳಬಹುದಾ? ಮೊದಲಿನ ಹಾಗೆ ದೊಡ್ಡ ತಂಡಗಳು ಬರೋಲ್ಲವಂತೆ, ಒಳ್ಳೆಯ ಆಟಗಾರ್ತಿಯರೆಲ್ಲ ಬಿಟ್ಟು ಹೋದರಂತೆ, ಇನ್ನು ನೋಡೋಕೇನಿದೆ ಅಂತ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಬರೆದುಬಿಡುತ್ತೇನೆ. ತಗೊಳ್ಳಿ. ಮನೆಯಲ್ಲಿ ಆಟ ಆಡುವ ಹೆಣ್ಣುಮಗಳಿದ್ದರಂತೂ ಎರಡನೇ ಯೋಚನೆ ಬೇಡ. ಆದರೆ ಆ ದುಡ್ಡಿಗೆ ಈಗ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅನ್ನುವುದು ತಿಳಿದಿರಲಿ.

ಮೊದಲು ಜಾಗದ ವಿಷಯ. ಕೊರ್ವಾಲಿಸ್‌ನ ಕ್ಯಾಂಪಸ್ ಒಳಗೇ ಇರುವ ಗಿಲ್ ಕೊಲಿಸಿಯಂ 1949ರಲ್ಲಿ ಶುರುವಾದದ್ದು. ಇಲ್ಲಿ 36 ವರ್ಷ ಹುಡುಗರ ತಂಡಕ್ಕೆ ಕೋಚ್ ಆಗಿದ್ದ ಸ್ಲ್ಯಾಟ್ಸ್ ಗಿಲ್ ಅವರ ಹೆಸರು ಕಟ್ಟಡಕ್ಕೆ, ಇನ್ನೊಬ್ಬ ಕೋಚ್ ರಾಲ್ಫ್ ಮಿಲ್ಲರ್ ಹೆಸರು ಅಂಕಣಕ್ಕೆ. ಒಂಬತ್ತು ಸಾವಿರ ಚಿಲ್ಲರೆ ಜನ ಹಿಡಿಯುತ್ತದೆ. ಹಳೆಯ ಕಟ್ಟಡ, ಹೊಸ ಅರೀನಾಗಳ ಥಳಕು ಇಲ್ಲ. ಆದರೆ ಅಂಕಣದ ಹತ್ತಿರ ಕೂತರೆ ಶೂ ಕಿರುಗುಟ್ಟುವುದು, ಕೋಚ್ ಕೂಗುವುದು, ಹುಡುಗಿಯರು ಒಬ್ಬರಿಗೊಬ್ಬರು ‘ಸ್ಕ್ರೀನ್ ಬರ್ತಿದೆ’ (ಎದುರಾಳಿ ದಾರಿಗೆ ಅಡ್ಡ ನಿಲ್ಲುತ್ತಿದ್ದಾಳೆ) ಎಂದು ಎಚ್ಚರಿಸುವುದು ಎಲ್ಲವೂ ಕೇಳುತ್ತದೆ. ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ಗಾರ್ಡ್ ಆಗಿ ಆಡಿದವಳು ನಾನು. ಸಿಮೆಂಟ್ ಅಂಕಣ, ಮಧ್ಯಾಹ್ನದ ಬಿಸಿಲು, ನೋಡುವುದಕ್ಕೆ ಹಾಸ್ಟೆಲಿನ ಹತ್ತು ಜನ. ಹೆಣ್ಣುಮಕ್ಕಳ ಆಟ ನೋಡಲು ಸಾವಿರಾರು ಜನ ದುಡ್ಡು ಕೊಟ್ಟು ಬಂದು ಕೂರುತ್ತಾರೆ ಅನ್ನುವುದನ್ನು ನಾನು ಮೊದಲು ಕಂಡದ್ದು ಈ ಕಟ್ಟಡದಲ್ಲಿ. ಹಾಗಾಗಿ ಇದರ ಮೇಲೆ ನನಗೆ ಇರುವ ಅಭಿಮಾನವನ್ನು ಮುಚ್ಚಿಡುವುದಿಲ್ಲ.

ಇನ್ನು ಕಾನ್ಫರೆನ್ಸ್ ವಿಷಯ. ಅಮೆರಿಕಕ್ಕೆ ಹೊಸಬರಾದವರಿಗೆ ಹೇಳುವುದಾದರೆ, ನಮ್ಮಲ್ಲಿ ವಿಶ್ವವಿದ್ಯಾಲಯದ ಕಾಲೇಜುಗಳನ್ನು ವಲಯಗಳಾಗಿ ಮಾಡಿ ಪಂದ್ಯ ಆಡಿಸುತ್ತಾರಲ್ಲ, ಹಾಗೆ ಇಲ್ಲಿ ವಿಶ್ವವಿದ್ಯಾಲಯಗಳೇ ಸೇರಿ ಮಾಡಿಕೊಂಡ ವಲಯ ಇದು. ವ್ಯತ್ಯಾಸ ಏನೆಂದರೆ ಟಿವಿ ಒಪ್ಪಂದ ಮಾಡುವುದು, ದುಡ್ಡು ಹಂಚುವುದು ಎಲ್ಲ ಈ ಕಾನ್ಫರೆನ್ಸೇ. ಪಶ್ಚಿಮ ಕರಾವಳಿಯ ಕಾನ್ಫರೆನ್ಸ್ 1915ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ಹುಟ್ಟಿದ್ದು, ಅದನ್ನು ಹುಟ್ಟುಹಾಕಿದ ಶಾಲೆಗಳಲ್ಲಿ (ಇಲ್ಲಿ ವಿಶ್ವವಿದ್ಯಾಲಯಕ್ಕೂ ಶಾಲೆ ಅನ್ನುತ್ತಾರೆ) ಆರೆಗಾನ್ ಸ್ಟೇಟ್ ಕೂಡ ಒಂದು. ಅದೇ ಬೆಳೆದು ಪ್ಯಾಕ್-12 ಆಯಿತು. ಹನ್ನೆರಡು ಶಾಲೆಗಳು ಜೋಡಿ ಜೋಡಿಯಾಗಿದ್ದವು. ವಾಷಿಂಗ್ಟನ್ ರಾಜ್ಯದ ಎರಡು, ಆರೆಗಾನ್‌ನ ಎರಡು, ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲ್, ಲಾಸ್ ಏಂಜಲೀಸ್‌ನ ಯುಎಸ್‌ಸಿ ಮತ್ತು ಯುಸಿಎಲ್‌ಎ, ಅರಿಜೋನಾದ ಎರಡು, ಯೂಟಾ, ಕೊಲೊರಾಡೊ. ಒಂದು ವಾರಾಂತ್ಯದಲ್ಲಿ ಒಂದು ಜೋಡಿಯ ಊರಿಗೆ ಹೋಗಿ ಎರಡು ಪಂದ್ಯ ಮುಗಿಸಿಕೊಂಡು ಬಂದರೆ ಸೋಮವಾರ ತರಗತಿಗೆ ಹಾಜರ್. ಓದುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಯಾರು ಮಾಡಿಯಾರು?

ಅದು ಒಡೆದದ್ದು ಅಮೆರಿಕನ್ ಫುಟ್‌ಬಾಲಿನ ಟಿವಿ ದುಡ್ಡಿಗಾಗಿ. 2022ರ ಜೂನ್ 30ರಂದು ಯುಎಸ್‌ಸಿ, ಯುಸಿಎಲ್‌ಎ ತಾವು ಬಿಗ್ ಟೆನ್ ಸೇರುತ್ತೇವೆ ಎಂದವು. ಮಧ್ಯಪಶ್ಚಿಮದ ಆ ಕಾನ್ಫರೆನ್ಸ್ ಅದೇ ಆಗಸ್ಟಿನಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜೊತೆ ಮಾಡಿಕೊಂಡ ಏಳು ವರ್ಷದ ಒಪ್ಪಂದ 7 ಬಿಲಿಯನ್ ಡಾಲರಿಗೂ ಮೇಲಿನದು ಎಂದು ಪತ್ರಿಕೆಗಳು ಬರೆದವು. ಲಾಸ್ ಏಂಜಲೀಸ್‌ನಂಥ ಮಾರುಕಟ್ಟೆ ಕೈಬಿಟ್ಟ ಮೇಲೆ ಪ್ಯಾಕ್-12ಗೆ ಒಳ್ಳೆಯ ಬೆಲೆ ಕುದುರಲಿಲ್ಲ. ಮರುವರ್ಷ ಜುಲೈನಲ್ಲಿ ಕೊಲೊರಾಡೊ ಬಿಗ್ 12 ಎಂಬ ಇನ್ನೊಂದು ಕಾನ್ಫರೆನ್ಸ್ ಕಡೆ ಹೊರಟಿತು. ಕೊನೆಗೆ ಆ್ಯಪಲ್ ಕಂಪನಿಯ ಸ್ಟ್ರೀಮಿಂಗ್ ಒಪ್ಪಂದವೊಂದು ಮೇಜಿನ ಮೇಲಿತ್ತು, ಅದು ಎಲ್ಲರಿಗೂ ರುಚಿಸಲಿಲ್ಲ. 2023ರ ಆಗಸ್ಟ್ 4, ಶುಕ್ರವಾರ. ಒಂದೇ ದಿನದಲ್ಲಿ ಆರೆಗಾನ್ (ಯೂಜೀನ್ ಊರಿನದು, ನಮ್ಮ ಆರೆಗಾನ್ ಸ್ಟೇಟ್ ಅಲ್ಲ), ವಾಷಿಂಗ್ಟನ್ ಬಿಗ್ ಟೆನ್‌ಗೆ, ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12ಗೆ. ಸೆಪ್ಟೆಂಬರ್ 1ಕ್ಕೆ ಸ್ಟ್ಯಾನ್‌ಫರ್ಡ್, ಕ್ಯಾಲ್ ಎರಡೂ ಅಟ್ಲಾಂಟಿಕ್ ಕರಾವಳಿಯ ಎಸಿಸಿಗೆ. ಶಾಂತ ಸಾಗರದ ದಡದಲ್ಲಿ ಕೂತ ಶಾಲೆಗಳು ಅಟ್ಲಾಂಟಿಕ್ ಹೆಸರಿನ ಕೂಟಕ್ಕೆ! ಉಳಿದದ್ದು ಎರಡೇ, ಕೊರ್ವಾಲಿಸ್‌ನ ನಮ್ಮ ಆರೆಗಾನ್ ಸ್ಟೇಟ್ ಮತ್ತು ಗೋಧಿ ಹೊಲಗಳ ನಡುವಿನ ಪುಲ್‌ಮನ್ ಊರಿನ ವಾಷಿಂಗ್ಟನ್ ಸ್ಟೇಟ್. ಎರಡೂ ಸಣ್ಣ ಊರಿನವು, ಎರಡೂ ಕೃಷಿ ವಿಶ್ವವಿದ್ಯಾಲಯವಾಗಿ ಬೆಳೆದವು, ಎರಡಕ್ಕೂ ಟಿವಿಯವರ ಲೆಕ್ಕದಲ್ಲಿ ಕಿಮ್ಮತ್ತಿಲ್ಲ.

ನಮ್ಮ ಊರಿಗೆ ಅದು ಎಂಥ ಹೊತ್ತಿನಲ್ಲಿ ಬಂತೆಂದರೆ, ಫುಟ್‌ಬಾಲಿನ ರೀಸರ್ ಸ್ಟೇಡಿಯಂನ ಪಶ್ಚಿಮ ಭಾಗವನ್ನು 161 ಮಿಲಿಯನ್ ಡಾಲರ್ ಖರ್ಚಿನಲ್ಲಿ ಹೊಸದಾಗಿ ಕಟ್ಟಿ ಮುಗಿಸುತ್ತಿದ್ದರು. ಸೆಪ್ಟೆಂಬರಿನಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ಮುಂದಿನ ವರ್ಷ ಆಡಲು ಕಾನ್ಫರೆನ್ಸೇ ಇಲ್ಲ. ಎರಡೂ ಶಾಲೆಗಳು ಕೋರ್ಟಿಗೆ ಹೋದವು. ಬಿಟ್ಟು ಹೋಗುವವರಿಗೆ ಕಾನ್ಫರೆನ್ಸಿನ ಆಡಳಿತದಲ್ಲಿ ಮತವಿಲ್ಲ ಎಂದು ವಾಷಿಂಗ್ಟನ್ ರಾಜ್ಯದ ವಿಟ್‌ಮನ್ ಕೌಂಟಿಯ ನ್ಯಾಯಾಲಯ ನವೆಂಬರಿನಲ್ಲಿ ಇವರ ಪರ ಹೇಳಿತು. ಹೆಸರು ಉಳಿಯಿತು, ಆಸ್ತಿ ಉಳಿಯಿತು. ಆದರೆ ಆಟಕ್ಕೆ ಎದುರಾಳಿ ಬೇಕಲ್ಲ. ಹಾಗಾಗಿ ಬ್ಯಾಸ್ಕೆಟ್‌ಬಾಲ್ ಮತ್ತು ಇನ್ನೂ ಕೆಲವು ಆಟಗಳಿಗೆ ಎರಡು ವರ್ಷದ ಮಟ್ಟಿಗೆ ವೆಸ್ಟ್ ಕೋಸ್ಟ್ ಕಾನ್ಫರೆನ್ಸಿನಲ್ಲಿ ಆಶ್ರಯ.

ಟಿಕೆಟ್ ಕೊಳ್ಳುವವರಿಗೆ ಈ ಕತೆಯೆಲ್ಲ ಯಾಕೆ ಬೇಕು ಎಂದರೆ, ಗಿಲ್‌ನಲ್ಲಿ ಕೂತು ನೋಡುವವರ ಕಣ್ಣಿಗೆ ಅದರ ಪೆಟ್ಟು ಬಿದ್ದದ್ದು ಫುಟ್‌ಬಾಲಿನಲ್ಲಿ ಅಲ್ಲ, ಇಲ್ಲಿ.

2024ರ ಮಾರ್ಚ್ ನೆನಪು ಮಾಡಿಕೊಳ್ಳಿ. ಪ್ಯಾಕ್-12ರ ಕೊನೆಯ ಚಳಿಗಾಲ. ಆ ಒಂದೇ ಕಾನ್ಫರೆನ್ಸಿನಿಂದ ಏಳು ತಂಡಗಳು ರಾಷ್ಟ್ರೀಯ ಪಂದ್ಯಾವಳಿಗೆ ಹೋದವು, ಐದು ತಂಡಗಳು ಕೊನೆಯ ಹದಿನಾರರಲ್ಲಿ ಉಳಿದವು. ಆರೆಗಾನ್ ಸ್ಟೇಟ್ ಮೊದಲ ಎರಡು ಸುತ್ತು ಗಿಲ್‌ನಲ್ಲೇ ಗೆದ್ದು, ಆಮೇಲೆ ನೋತ್ರ್ ಡೇಮ್ ತಂಡವನ್ನೂ ಸೋಲಿಸಿ ಕೊನೆಯ ಎಂಟಕ್ಕೆ ಬಂತು. ಅಲ್ಲಿ ಸೋತದ್ದು ಆ ವರ್ಷ ಒಂದೂ ಪಂದ್ಯ ಸೋಲದೆ ಚಾಂಪಿಯನ್ ಆದ ಸೌತ್ ಕೆರೊಲಿನಾ ಎದುರು. ತಂಡದ ಬಹುಪಾಲು ಚಿಕ್ಕ ವಯಸ್ಸಿನವರು. ಮುಂದಿನ ವರ್ಷ ಇನ್ನೂ ಚೆನ್ನಾಗಿರುತ್ತದೆ ಎಂದು ನಾವೆಲ್ಲ ಲೆಕ್ಕ ಹಾಕಿಕೊಂಡಿದ್ದೆವು. ಕೆಲವೇ ವಾರಗಳಲ್ಲಿ ತಂಡ ದಿಕ್ಕಾಪಾಲಾಯಿತು. ರೇಗನ್ ಬಿಯರ್ಸ್ ಒಕ್ಲಹೋಮಾಗೆ, ಟಾಲಿಯಾ ವಾನ್ ಓಲ್‌ಹಾಫನ್ ಯುಎಸ್‌ಸಿಗೆ, ಟಿಮಿಯಾ ಗಾರ್ಡಿನರ್ ಯುಸಿಎಲ್‌ಎಗೆ, ಡಾನವಿನ್ ಹಂಟರ್ ಟೆಕ್ಸಸ್‌ನ ಟಿಸಿಯುಗೆ. ಇನ್ನೂ ಕೆಲವರು ಹೋದರು. ಆ ಏಪ್ರಿಲಿನಲ್ಲೇ ಎಷ್ಟು ಸಲ ಶಾಲೆ ಬದಲಾಯಿಸಿದರೂ ಒಂದು ವರ್ಷ ಹೊರಗೆ ಕೂರಬೇಕಿಲ್ಲ ಎಂಬ ನಿಯಮವನ್ನು ಕಾಲೇಜು ಆಟಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ಅಂಗೀಕರಿಸಿತ್ತು.

ಆ ಹುಡುಗಿಯರನ್ನು ಯಾರಾದರೂ ಬೈದರೆ ನನಗೆ ಸಿಟ್ಟು ಬರುತ್ತದೆ. ಇಪ್ಪತ್ತು ವರ್ಷದ ಹುಡುಗಿಗೆ ಕಾಲೇಜು ಆಟಕ್ಕೆ ನಾಲ್ಕೇ ವರ್ಷ. ದೊಡ್ಡ ಎದುರಾಳಿ, ದೊಡ್ಡ ಟಿವಿ, ತನ್ನ ಹೆಸರಿನ ಜಾಹೀರಾತಿನಿಂದ ಬರುವ ದುಡ್ಡು ಇವೆಲ್ಲ ಬೇರೆಡೆ ಇರುವಾಗ ನಮ್ಮ ಅಭಿಮಾನಕ್ಕಾಗಿ ಅವಳು ಇಲ್ಲೇ ಇರಬೇಕು ಅನ್ನಲಾದೀತೇ? ಹೋದವರು ಹೋದ ಕಡೆ ಸುಮ್ಮನೆ ಕೂರಲೂ ಇಲ್ಲ. ಗಾರ್ಡಿನರ್ ಇದ್ದ ಯುಸಿಎಲ್‌ಎ 2025ರಲ್ಲಿ ಕೊನೆಯ ನಾಲ್ಕಕ್ಕೆ ಬಂತು, ಹಂಟರ್ ಇದ್ದ ಟಿಸಿಯು ಕೊನೆಯ ಎಂಟಕ್ಕೆ. ಬಿಗ್ ಟೆನ್ ಫೈನಲ್ ಇಂಡಿಯಾನಾಪೊಲಿಸ್‌ನಲ್ಲಿ ಯುಸಿಎಲ್‌ಎ ಮತ್ತು ಯುಎಸ್‌ಸಿ ನಡುವೆ ನಡೆದಾಗ ಒಂದು ಕಡೆ ಗಾರ್ಡಿನರ್, ಇನ್ನೊಂದು ಕಡೆ ವಾನ್ ಓಲ್‌ಹಾಫನ್. ಪಕ್ಕಪಕ್ಕದ ಎರಡು ಲಾಸ್ ಏಂಜಲೀಸ್ ಶಾಲೆಗಳು ತಮ್ಮ ಫೈನಲ್ ಆಡಲು ಅರ್ಧ ದೇಶ ದಾಟಿ ಹೋಗಿದ್ದವು, ನಾವು ಮನೆಯಲ್ಲಿ ಕೂತು ನಮ್ಮಲ್ಲಿದ್ದ ಇಬ್ಬರನ್ನೂ ಟಿವಿಯಲ್ಲಿ ನೋಡಿದೆವು. ಹುಡುಗಿಯರ ಬಗ್ಗೆ ಸಂತೋಷವೇ ಆಯಿತು. ಸಂಕಟ ಇರುವುದು ಆ ಆಯ್ಕೆಯನ್ನು ಅವರ ಮುಂದೆ ತಂದಿಟ್ಟವರ ಬಗ್ಗೆ.

ಆ ಚಳಿಗಾಲ ಮೈಸೂರಿನಿಂದ ಅಮ್ಮ ಬಂದಿದ್ದರು. ಹಿಂದಿನ ಸಲ ಬಂದಾಗಲೂ ಗಿಲ್‌ಗೆ ಕರೆದುಕೊಂಡು ಹೋಗಿದ್ದೆ. ಸ್ವೆಟರ್ ಮೇಲೆ ಶಾಲು ಹೊದ್ದು ಕೂತು, ತಂಡ ಅಭ್ಯಾಸಕ್ಕೆ ಇಳಿದದ್ದನ್ನು ಸ್ವಲ್ಪ ಹೊತ್ತು ನೋಡಿ ಕೇಳಿದರು.

“ಏನೇ, ಹೋದ ಸಲ ಬುಟ್ಟಿ ಕೆಳಗೇ ನಿಂತು ಎಲ್ಲಾ ಬಾಲೂ ಹಿಡೀತಿದ್ಳಲ್ಲ, ಆ ಎತ್ತರದ ಹುಡುಗಿ ಎಲ್ಲಿ?”

“ಬೇರೆ ಕಾಲೇಜಿಗೆ ಹೋದಳಮ್ಮ, ಒಕ್ಲಹೋಮಾಗೆ.”

“ಮತ್ತೆ ಆ ಜುಟ್ಟಿನವಳು?”

“ಅವಳೂ ಹೋದಳು.”

“ಎಲ್ಲಾರೂ ಹೋದ್ರೆ ಇವ್ರಿಗೆ ಆಟ ಹೇಳಿಕೊಡೋ ಮೇಷ್ಟ್ರು ಇದಾರೋ ಇಲ್ವೋ?”

ಮೇಷ್ಟ್ರು ಇದ್ದಾರೆ. ಈ ಟಿಕೆಟಿನ ಅರ್ಧ ಬೆಲೆ ನನ್ನ ಮಟ್ಟಿಗೆ ಅವರದೇ. ಸ್ಕಾಟ್ ರೂಕ್ ಇದೇ ವಿಶ್ವವಿದ್ಯಾಲಯದಲ್ಲಿ ಓದಿದವರು. 2010ರಲ್ಲಿ ಅವರು ಕೆಲಸಕ್ಕೆ ಸೇರಿದಾಗ ತಂಡದಲ್ಲಿ ಉಳಿದಿದ್ದವರು ಇಬ್ಬರೇ. ಕ್ಯಾಂಪಸ್ಸಿನ ವಿದ್ಯಾರ್ಥಿನಿಯರಲ್ಲಿ ಆಸಕ್ತಿ ಇದ್ದವರು ಬನ್ನಿ ಎಂದು ಬಹಿರಂಗ ಆಯ್ಕೆ ನಡೆಸಿ ತಂಡ ಕಟ್ಟಿದರು. ಆರು ವರ್ಷಕ್ಕೆ, 2016ರಲ್ಲಿ, ಅದೇ ತಂಡ ದೇಶದ ಕೊನೆಯ ನಾಲ್ಕರಲ್ಲಿತ್ತು. 2024ರಲ್ಲಿ ಮತ್ತೆ ಬುಡದಿಂದ ಕಟ್ಟುವ ಕೆಲಸ ಅವರ ಪಾಲಿಗೆ ಬಂತು, ಬಿಟ್ಟು ಹೋಗಲಿಲ್ಲ. ಎ.ಜೆ. ಮರೋಟ್, ಆಸ್ಟ್ರೇಲಿಯಾದ ಕೆಲ್ಸಿ ರೀಸ್, ಆರೆಗಾನ್‌ನವಳೇ ಆದ ಕೆನಡಿ ಶೂಲರ್ ಇವರೂ ಬಿಟ್ಟು ಹೋಗಲಿಲ್ಲ. ಬ್ರೆಜಿಲಿನ ಕಟರೀನಾ ಫೆರೇರಾ ಹೊಸದಾಗಿ ಬಂದಳು.

ನವೆಂಬರ್, ಡಿಸೆಂಬರಿನಲ್ಲಿ ಗೆಲುವಿಗಿಂತ ಸೋಲೇ ಹೆಚ್ಚು. ಪಾಸ್ ಕೊಟ್ಟವಳು ಒಂದು ಕಡೆ ಯೋಚಿಸಿದ್ದರೆ ತಗೊಳ್ಳುವವಳು ಇನ್ನೊಂದು ಕಡೆ ಓಡಿರುತ್ತಿದ್ದಳು. ಆದರೆ ಜನವರಿ ದಾಟುತ್ತಿದ್ದಂತೆ ತಂಡ ಕಣ್ಣೆದುರೇ ಕೂಡಿಕೊಳ್ಳುತ್ತ ಬಂತು, ಸೀಸನ್ ಟಿಕೆಟ್ ಇದ್ದವರಿಗೆ ಮಾತ್ರ ಸಿಗುವ ಸುಖ ಇದು. ಎದುರಾಳಿ ಚೆಂಡು ಎಸೆದ ಕೂಡಲೇ ಬಾಲಿನ ಕಡೆ ನೋಡದೆ, ಪಕ್ಕದವಳನ್ನು ಬೆನ್ನಿನಿಂದ ಒತ್ತಿ ಹಿಂದಕ್ಕೆ ಇಟ್ಟು ಜಾಗ ಹಿಡಿಯುವ ಕೆಲಸ ಇದೆಯಲ್ಲ, ಅದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಅಂಕಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ. ಡಿಸೆಂಬರಿನಲ್ಲಿ ಇಬ್ಬರು ಮಾಡುತ್ತಿದ್ದರು. ಫೆಬ್ರವರಿಯಲ್ಲಿ ಐವರೂ ಒಂದೇ ಕ್ಷಣಕ್ಕೆ ಬೆನ್ನು ತಿರುಗಿಸುತ್ತಿದ್ದರು. ನನ್ನ ಮಗಳಿಗೆ ತೋರಿಸಿದೆ. ಅವಳ ಶಾಲಾ ತಂಡದ ಕೋಚ್ ಎಷ್ಟು ಹೇಳಿದರೂ ತಲೆಗೆ ಹೋಗದ್ದು ಅಲ್ಲಿ ಎರಡನೇ ಸಾಲಿನಲ್ಲಿ ಕೂತು ನೋಡಿದಾಗ ಹೋಯಿತು. ಟಿವಿ ಕ್ಯಾಮೆರಾ ಬಾಲಿನ ಹಿಂದೆಯೇ ಓಡುತ್ತದೆ, ಇದನ್ನು ಕಲಿಸುವುದಿಲ್ಲ.

ಮಾರ್ಚಿನಲ್ಲಿ ಲಾಸ್ ವೇಗಸ್‌ಗೆ ಹೋಗಿ ಕಾನ್ಫರೆನ್ಸ್ ಪಂದ್ಯಾವಳಿಯನ್ನೇ ಗೆದ್ದರು. ಸೆಮಿಫೈನಲ್ಲಿನಲ್ಲಿ ಗೊನ್ಜಾಗಾ, ಫೈನಲ್ಲಿನಲ್ಲಿ ಪೋರ್ಟ್‌ಲ್ಯಾಂಡ್ ವಿಶ್ವವಿದ್ಯಾಲಯದ ತಂಡಗಳನ್ನು ಸೋಲಿಸಿದರು. ಆ ವರ್ಷ ವೆಸ್ಟ್ ಕೋಸ್ಟ್ ಕಾನ್ಫರೆನ್ಸಿನಿಂದ ರಾಷ್ಟ್ರೀಯ ಪಂದ್ಯಾವಳಿಗೆ ಹೋದದ್ದು ಇದೊಂದೇ ತಂಡ. ಮೊದಲ ಸುತ್ತಿನಲ್ಲೇ ನಾರ್ತ್ ಕೆರೊಲಿನಾ ಎದುರು ಸೋತರು, ಸೋಲಲಿ. ಹಿಂದಿನ ವರ್ಷದ ಕೊನೆಯ ಎಂಟಕ್ಕಿಂತ ಇದು ನನಗೆ ದೊಡ್ಡದಾಗಿ ಕಂಡಿತು.

ಈಗ ಸಿಗದಿರುವ ವಸ್ತುಗಳ ಲೆಕ್ಕ. ಮೊದಲನೆಯದು ಯೂಜೀನ್‌ನವರು. ಆರೆಗಾನ್ ವಿಶ್ವವಿದ್ಯಾಲಯ ಇಲ್ಲಿಂದ ಕಾರಿನಲ್ಲಿ ಒಂದು ಗಂಟೆಯೂ ಇಲ್ಲ. ಕಚೇರಿಯಲ್ಲಿ ನನ್ನ ಪಕ್ಕ ಕೂರುವವರು ಅಲ್ಲಿ ಓದಿದವರು, ಪಂದ್ಯದ ವಾರ ಪೂರ್ತಿ ನಮ್ಮಿಬ್ಬರಿಗೂ ಮಾತಿನ ಜಿದ್ದು. ಕಾನ್ಫರೆನ್ಸ್ ಒಂದೇ ಆಗಿದ್ದಾಗ ಅವರೊಂದಿಗೆ ಮನೆಯಲ್ಲೊಂದು, ಅಲ್ಲೊಂದು ಪಂದ್ಯ ಖಾತ್ರಿ. ಈಗ ಖಾತ್ರಿ ಎಂಬುದಿಲ್ಲ, ಎರಡೂ ಕಡೆಯವರು ಒಪ್ಪಿ ದಿನ ಗೊತ್ತು ಮಾಡಬೇಕು. ಆ ತಂಡ ಮಾತ್ರ ಸುಮಾರು 4,000 ಕಿಲೋಮೀಟರ್ ಆಚೆಯ ನ್ಯೂಜೆರ್ಸಿಯ ರಟ್ಗರ್ಸ್ ಜೊತೆ ಒಂದೇ ಕಾನ್ಫರೆನ್ಸಿನಲ್ಲಿದೆ. ಫುಟ್‌ಬಾಲಿನವರಿಗೆ ವಾರಕ್ಕೊಂದೇ ಪಂದ್ಯ, ಶನಿವಾರ ಆಡಿ ಬರುತ್ತಾರೆ. ವಾಲಿಬಾಲ್, ಬ್ಯಾಸ್ಕೆಟ್‌ಬಾಲ್, ಸಾಫ್ಟ್‌ಬಾಲ್ ಹುಡುಗಿಯರಿಗೆ ವಾರದ ಮಧ್ಯೆಯೂ ಪಂದ್ಯ. ಮೂರು ಗಂಟೆಯ ಕಾಲವ್ಯತ್ಯಾಸ ದಾಟಿ ಹೋಗಿ, ಆಡಿ, ಮರಳಿ ಬಂದು ಪ್ರಯೋಗಾಲಯದ ತರಗತಿಗೆ ಕೂರಬೇಕು. ಫುಟ್‌ಬಾಲಿನ ಲಾಭಕ್ಕೆ ಮಾಡಿದ ನಕ್ಷೆಯ ಮೇಲೆ ಈ ಮಕ್ಕಳನ್ನು ಓಡಿಸುವುದು ಅನ್ಯಾಯ. ಫುಟ್‌ಬಾಲ್ ಬೇಕಾದರೆ ಎಲ್ಲಿಗಾದರೂ ಹೋಗಲಿ, ಉಳಿದ ಆಟಗಳನ್ನು ನೆರೆಹೊರೆಯಲ್ಲೇ ಬಿಡಿ ಎಂದು ಕೇಳುವವರ ಜೊತೆ ನಾನೂ ಇದ್ದೇನೆ. ಆ ದೃಷ್ಟಿಯಿಂದ ವೆಸ್ಟ್ ಕೋಸ್ಟ್ ಕಾನ್ಫರೆನ್ಸಿನ ಎರಡು ವರ್ಷದಲ್ಲಿ ನಮ್ಮ ಹುಡುಗಿಯರ ಪ್ರಯಾಣ ಹಗುರ. ಗೊನ್ಜಾಗಾ, ಪೋರ್ಟ್‌ಲ್ಯಾಂಡ್, ಸೇಂಟ್ ಮೇರೀಸ್, ಸಾಂತಾ ಕ್ಲಾರಾ ಎಲ್ಲ ಈ ಪಶ್ಚಿಮ ಕಡೆಯವೇ.

ಎರಡನೆಯದು ಎದುರಾಳಿಯ ಬಲ. ಸ್ಟ್ಯಾನ್‌ಫರ್ಡ್, ಯುಸಿಎಲ್‌ಎ ಬಂದ ರಾತ್ರಿಗಳಲ್ಲಿ ಗಿಲ್ ಗುಡುಗುತ್ತಿತ್ತು. ಎದುರಿಗೆ ಮುಂದಿನ ವರ್ಷ ಹೆಂಗಸರ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಯಲ್ಲಿ ಆಡುವವರನ್ನು ನೋಡಬಹುದಿತ್ತು. ಅಂಥ ರಾತ್ರಿಗಳು ಈಗ ಕಡಿಮೆ. ತಾರೆಯರನ್ನು ನೋಡಲೆಂದೇ ಟಿಕೆಟ್ ಕೊಳ್ಳುವವರಿಗೆ ಇದು ತಕ್ಕ ಖರೀದಿ ಅಲ್ಲ, ನೇರವಾಗಿ ಹೇಳಿಬಿಡುತ್ತೇನೆ.

ಮೂರನೆಯದು ಪ್ಯಾಕ್-12 ನೆಟ್‌ವರ್ಕ್. 2012ರಲ್ಲಿ ಶುರುವಾಗಿ 2024ರ ಜೂನ್ 30ಕ್ಕೆ ನಿಂತಿತು. ವ್ಯಾಪಾರದಲ್ಲಿ ಅದು ಸೋತಿತು ನಿಜ, ಡೈರೆಕ್‌ಟಿವಿಯಂಥ ದೊಡ್ಡ ಸಂಸ್ಥೆಯಲ್ಲಿ ಅದು ಕೊನೆಯವರೆಗೂ ಬರಲೇ ಇಲ್ಲ. ಆದರೆ ಹೆಣ್ಣುಮಕ್ಕಳ ವಾಲಿಬಾಲ್, ಜಿಮ್ನಾಸ್ಟಿಕ್ಸ್, ಸಾಫ್ಟ್‌ಬಾಲ್ ಬಗ್ಗೆ ಸ್ಟುಡಿಯೋದಲ್ಲಿ ಕೂತು ಗಂಭೀರವಾಗಿ ಮಾತಾಡುವವರು ಅಲ್ಲಿದ್ದರು. ಆಟಗಾರ್ತಿಯ ಊರು, ಗಾಯ, ಓದು ಎಲ್ಲ ತಿಳಿದವರು. ಆಮೇಲೆ 2024-25ರಲ್ಲಿ, ಊರಲ್ಲಿ ಇಲ್ಲದಾಗ, ಹುಡುಗಿಯರ ಪಂದ್ಯಗಳು ಇಎಸ್‌ಪಿಎನ್ ಪ್ಲಸ್ ಸ್ಟ್ರೀಮಿಂಗ್‌ನಲ್ಲಿ ಸಿಗುತ್ತಿದ್ದವು, ಚಿತ್ರ ಚೆನ್ನಾಗಿಯೇ ಇರುತ್ತಿತ್ತು. ಆ ಮಾತು ಮಾತ್ರ ಇರಲಿಲ್ಲ.

ಇಷ್ಟು ಕಳೆದ ಮೇಲೂ ಉಳಿದದ್ದು ದೊಡ್ಡದು. ಇಬ್ಬರು ದೊಡ್ಡವರು, ಒಂದು ಮಗು ಇಡೀ ಚಳಿಗಾಲ ನೋಡುವ ಖರ್ಚು ಪೋರ್ಟ್‌ಲ್ಯಾಂಡಿನ ಎನ್‌ಬಿಎ ತಂಡದ ಒಳ್ಳೆಯ ಸೀಟಿನ ಖರ್ಚಿಗೆ ಹೋಲಿಸಿದರೆ ಏನೂ ಅಲ್ಲ. ಪಕ್ಕದಲ್ಲಿ ಕೂರುವವರು ಹಳೆಯ ಕಾಲದ ಟಿಕೆಟ್‌ದಾರರು. ಎಂಬತ್ತು ದಾಟಿದ ನಿವೃತ್ತ ಪ್ರಾಧ್ಯಾಪಕಿ ಒಬ್ಬರು ನಮ್ಮ ಮುಂದಿನ ಸಾಲು. ಪ್ರತಿ ಫ್ರೀ ಥ್ರೋವನ್ನೂ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ, ಹುಡುಗಿಯರಿಗೆ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲದ ಕಾಲದಿಂದ ನೋಡಿದವರು. ಪಂದ್ಯ ಮುಗಿದ ಮೇಲೆ ಆಟಗಾರ್ತಿಯರು ಕಟಕಟೆಯ ಉದ್ದಕ್ಕೂ ಬಂದು ಮಕ್ಕಳ ಕೈ ತಟ್ಟುತ್ತಾರೆ. ಒಂದು ರಾತ್ರಿ ಒಬ್ಬಳು ನನ್ನ ಮಗಳ ಬೆರಳಿಗೆ ಸುತ್ತಿದ್ದ ಟೇಪ್ ನೋಡಿ ನಿಂತಳು, ತನ್ನ ಬೆರಳು ತೋರಿಸಿದಳು, ಎರಡು ಬೆರಳು ಜೋಡಿಸಿ ಟೇಪ್ ಹೇಗೆ ಸುತ್ತಬೇಕು ಎಂದು ಹೇಳಿಕೊಟ್ಟು ಹೋದಳು. ಮಗಳು ಈಗಲೂ ಹಾಗೇ ಸುತ್ತಿಕೊಳ್ಳುತ್ತಾಳೆ. ಒಲಿಂಪಿಕ್ ಚಿನ್ನ ಗೆದ್ದ ಜೇಡ್ ಕೇರಿ 2025ರವರೆಗೆ ಇದೇ ಕಟ್ಟಡದಲ್ಲಿ ಆರೆಗಾನ್ ಸ್ಟೇಟ್ ಪರ ಜಿಮ್ನಾಸ್ಟಿಕ್ಸ್ ಆಡಿದಳು. ಟೋಕಿಯೊ, ಪ್ಯಾರಿಸ್ ಎರಡೂ ಕಡೆ ಪದಕ ತಂದವಳನ್ನು ಇಷ್ಟು ಹತ್ತಿರದಿಂದ ಬೇರೆಲ್ಲಿ ನೋಡುತ್ತಿದ್ದೆವು?

ಹೊಸಬರಿಗೆ ಒಂದೆರಡು ಮಾತು. ಹಿಲ್ಸ್‌ಬರೋದಿಂದ ಬರುವವರು ವಾರದ ದಿನದ ರಾತ್ರಿ ಪಂದ್ಯಕ್ಕೆ ಐ-5ರ ಸಂಜೆ ಟ್ರಾಫಿಕ್ ಲೆಕ್ಕ ಹಾಕಿ ಬೇಗ ಹೊರಡಿ, ಪೂರ್ತಿ ಸೀಸನ್ ಆಗದಿದ್ದರೆ ವಾರಾಂತ್ಯದ ಪಂದ್ಯಗಳನ್ನಷ್ಟೇ ಆರಿಸಿಕೊಳ್ಳಿ. ಮನೆಯಲ್ಲೇ ಉಂಡು ಬನ್ನಿ. ಸೀಟು ಆರಿಸುವಾಗ ಅಂಕಣದ ಮಧ್ಯಕ್ಕಿಂತ ಬುಟ್ಟಿಯ ಹತ್ತಿರದ ಮೂಲೆ ಒಳ್ಳೆಯದು, ಅರ್ಧ ಆಟ ನಮ್ಮ ತಂಡದ ರಕ್ಷಣೆ, ಅರ್ಧ ಆಟ ದಾಳಿ ಕಣ್ಣಳತೆಯಲ್ಲೇ ನಡೆಯುತ್ತದೆ.

ಮುಂದೇನು ಎಂದರೆ, ವೆಸ್ಟ್ ಕೋಸ್ಟ್ ಕಾನ್ಫರೆನ್ಸಿನ ಆಶ್ರಯ 2025-26ರ ಚಳಿಗಾಲದವರೆಗೆ. 2026ರ ಜುಲೈಯಿಂದ ಹೊಸ ಪ್ಯಾಕ್-12. ಬಾಯ್ಸಿ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯೇಗೊ ಸ್ಟೇಟ್, ಕೊಲೊರಾಡೊ ಸ್ಟೇಟ್, ಯೂಟಾ ಸ್ಟೇಟ್ ಬರುತ್ತವೆ, ಗೊನ್ಜಾಗಾ ಬರುತ್ತದೆ, ಟೆಕ್ಸಸ್ ಸ್ಟೇಟ್ ಕೂಡ. ಬ್ಯಾಸ್ಕೆಟ್‌ಬಾಲಿಗೆ ಒಳ್ಳೆಯ ಕೂಟವೇ. ನನಗಿರುವ ಆತಂಕ ಬೇರೆ. 2025ರ ಜೂನ್ 6ರಂದು ನ್ಯಾಯಾಲಯ ಒಪ್ಪಿದ ಒಪ್ಪಂದದ ಪ್ರಕಾರ ಶಾಲೆಗಳು ಆಟಗಾರರಿಗೆ ನೇರವಾಗಿ ದುಡ್ಡು ಹಂಚಬಹುದು, ಮೊದಲ ವರ್ಷದ ಮಿತಿ ಶಾಲೆಯೊಂದಕ್ಕೆ 20.5 ಮಿಲಿಯನ್ ಡಾಲರ್. ಆಟಗಾರರಿಗೆ ದುಡ್ಡು ಸಿಗಬೇಕಾದದ್ದೇ, ಅದು ಅವರ ಬೆವರು. ಆದರೆ ಬಿಗ್ ಟೆನ್ ಶಾಲೆ ಆ ಮಿತಿ ಮುಟ್ಟಬಲ್ಲದು, ಕೊರ್ವಾಲಿಸ್‌ಗೆ ಅಷ್ಟು ಟಿವಿ ದುಡ್ಡು ಬರುವುದಿಲ್ಲ. ಬಂದಷ್ಟರಲ್ಲಿ ಹೆಚ್ಚಿನದು ಫುಟ್‌ಬಾಲಿಗೆ ಹೋದರೆ ರೂಕ್ ಅವರ ಹುಡುಗಿಯರಿಗೆ ಎಷ್ಟು ಉಳಿದೀತು? ಆಡಳಿತದವರನ್ನು ಈ ಪ್ರಶ್ನೆ ಕೇಳುವ ಹಕ್ಕು ಗಿಲ್‌ನಲ್ಲಿ ಸೀಟು ಇರುವವರಿಗೆ ಇದೆ. ನಮ್ಮ ಸಾಲಿನವರು ಸೇರಿ ಕ್ರೀಡಾ ವಿಭಾಗಕ್ಕೆ ಪತ್ರ ಬರೆಯುತ್ತಿದ್ದೇವೆ, ಹುಡುಗಿಯರ ಬ್ಯಾಸ್ಕೆಟ್‌ಬಾಲಿನ ಪಾಲು ಎಷ್ಟೆಂದು ಬಹಿರಂಗವಾಗಿ ಹೇಳಿ ಎಂದು. ಪ್ರಾಧ್ಯಾಪಕಿಯವರದೇ ಕರಡು. ನಮ್ಮ ಮೂರು ಸೀಟುಗಳನ್ನು ನವೀಕರಿಸಿ ಆಯಿತು, ಪಕ್ಕದ ಎರಡು ಸೀಟು ಈ ವರ್ಷ ಖಾಲಿ ಇವೆ. ಬೇಕಾದವರು ಟಿಕೆಟ್ ಕಚೇರಿಗೆ ಬೇಗ ಫೋನ್ ಮಾಡಿ, ಗೊನ್ಜಾಗಾ ಪಂದ್ಯದ ಹೊತ್ತಿಗೆ ಸಿಗುವುದು ಕಷ್ಟ.